ಗಟ್ಟಿ ಯಾವುದು, ಹಣ್ಣೋ ಗಿಡವೋ?

ಸ್ಟ್ರಾಬೆರಿ ಬೆಳೆಯುವವರ ಮನೆಯಲ್ಲಿ ಸಸಿ ಬರುವ ಹಿಂದಿನ ದಿನ ಯಾರಿಗೂ ಸಮಾಧಾನವಿರುವುದಿಲ್ಲ. ನಮ್ಮ ಪಕ್ಕದ ಮನೆಯ ಅವಸರದಣ್ಣನಂತೂ ಅಂದು ಕಾಲು ಸುಟ್ಟ ಬೆಕ್ಕಾಗಿದ್ದ. ಹಣ್ಣು ತುಂಬುವ ಶೆಡ್ಡಿನಿಂದ ಗೇಟಿಗೆ, ಗೇಟಿನಿಂದ ಮತ್ತೆ ಶೆಡ್ಡಿಗೆ. ಹೆಂಡತಿ ಕೊಟ್ಟ ಟೀ ಕ್ರೇಟಿನ ಮೇಲೆ ಆರಿ ತಣ್ಣಗಾಗಿತ್ತು.

ಅವನದು ಎರಡು ತುಂಡು ಹೊಲ. ಮೇಲಿನದು ಸ್ವಂತದ್ದು, ಅಲ್ಲಿ ನೀರು ಬಸಿದು ಹೋಗುತ್ತದೆ. ಕೆಳಗಿನದು ಗುತ್ತಿಗೆಯದು, ಮಳೆ ಬಂದರೆ ನೀರು ನಿಲ್ಲುತ್ತದೆ. ಕಳೆದ ಎರಡು ಬೆಳೆಯೂ ಅಲ್ಲಿ ಬೇರು ಕೊಳೆತು ಹೋಗಿತ್ತು. ಈ ಸಲವೂ ಹಾಗಾದರೆ ಹೊಲ ಬೇರೆಯವರಿಗೆ ಕೊಡುತ್ತೇನೆಂದು ಒಡತಿ ಖಡಾಖಂಡಿತವಾಗಿ ಹೇಳಿ ಹೋಗಿದ್ದಳು. ಕಲ್ಲು ಆರಿಸಿ, ಗೊಬ್ಬರ ಹೊತ್ತು ಆ ನೆಲವನ್ನು ಹದಕ್ಕೆ ತಂದವಳು ಅವಸರದಣ್ಣನ ಹೆಂಡತಿ. ಆ ಮಾತು ಕೇಳಿದಾಗಿನಿಂದ ಅವಳಿಗೆ ಅದೇ ಹೆದರಿಕೆ.

"ಯಾಕೆ ಹೆದರ್ತೀಯ? ಎರಡೂ ಹೊಲಕ್ಕೆ ಹೊಸ ತಳಿ ಹೇಳಿದ್ದೀನಿ. ತುಂಬಾ ಗಟ್ಟಿ ತಳಿ ಅಂತ ನರ್ಸರಿಯವನೇ ಹೇಳ್ದ," ಎಂದ ಅವಸರದಣ್ಣ.

"ಏನು ಗಟ್ಟಿ ಅಂತ ಕೇಳಿದ್ರಾ?"

"ಗಟ್ಟಿ ಅಂದ್ರೆ ಗಟ್ಟಿ. ಅದರಲ್ಲಿ ಕೇಳೋದೇನಿದೆ?"

ಅಷ್ಟರಲ್ಲಿ ಖಾಲಿ ಕ್ರೇಟ್ ಕೇಳಿಕೊಂಡು ಅವನ ಅತ್ತಿಗೆ ಬಂದಳು. ಅದೇ ತಳಿಯನ್ನು ಒಂದು ವರ್ಷ ಮೊದಲೇ ಬೆಳೆದವಳು. ಬಾಯಿ ಸ್ವಲ್ಪ ಜೋರು, ಲೆಕ್ಕಾಚಾರ ಮಾತ್ರ ಸರಿ. ಮೈದುನನ ಹೊಗಳಿಕೆ ಕೇಳಿಸಿಕೊಂಡು ಅವಳೂ ಅದನ್ನೇ ಕೇಳಿದಳು.

"ಯಾವುದಪ್ಪಾ ಗಟ್ಟಿ? ಹಣ್ಣಾ, ಗಿಡಾನಾ?"

"ಅತ್ತಿಗೆ, ನೀವೂ ಶುರು ಮಾಡಬೇಡಿ. ಗಿಡ ಗಟ್ಟಿ ಇದ್ರೆ ತಾನೇ ಹಣ್ಣು ಗಟ್ಟಿ ಇರೋದು?"

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ. ಇಬ್ಬರೂ ಬನ್ನಿ ನಮ್ಮ ಹೊಲಕ್ಕೆ, ಬೆಳಕಿರುವಾಗಲೇ."

ಅತ್ತಿಗೆ ಮೊದಲು ತನ್ನ ಶೆಡ್ಡಿನಿಂದ ಮೊನ್ನೆ ಕಿತ್ತಿದ್ದ ಒಂದು ಹಣ್ಣು ತಂದು ಅವನ ಕೈಗಿಟ್ಟಳು. ಅವಸರದಣ್ಣ ಒತ್ತಿ ನೋಡಿದ. ಹಣ್ಣು ತಗ್ಗಲಿಲ್ಲ, ರಸ ಬಿಡಲಿಲ್ಲ. ಅವನ ಮುಖ ಅರಳಿತು.

"ನೋಡಿದ್ಯಾ? ನಾನು ಹೇಳಲಿಲ್ವಾ?" ಎಂದು ಹೆಂಡತಿಯ ಕಡೆ ತಿರುಗಿದ.

ಅತ್ತಿಗೆ ಹೊಲದಲ್ಲಿ ನಲ್ಲಿ ಸೋರುವ ಮೂಲೆಗೆ ಹೋಗಿ, ಬಾಡಿದ ಒಂದು ಗಿಡ ಕಿತ್ತು, ಅದರ ಬುಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದಳು. ಬೆಳ್ಳಗಿರಬೇಕಾದ ತಿರುಳು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಬೇರುಗಳು ಒದ್ದೆ ದಾರದ ಹಾಗೆ ಕೈಗೇ ಕಿತ್ತು ಬಂದವು.

"ನಮ್ಮ ಹೊಲದಲ್ಲೂ ಇದೇ ಬಣ್ಣ ಇತ್ತು ಅಕ್ಕ," ಎಂದ ಹೆಂಡತಿಗೆ ಅಳು ಬಂತು. ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟಳು.

"ನಿನ್ನ ಕೈಯಲ್ಲಿರೋ ಹಣ್ಣೂ ಇದೇ ತಳಿದು," ಎಂದಳು ಅತ್ತಿಗೆ ಮೈದುನನಿಗೆ. "ದೂರದ ಮಾರ್ಕೆಟ್‌ಗೆ ಹೋದ್ರೂ ಹಿಸುಕಲ್ಲ. ನೀರು ಬಸಿಯೋ ಮಣ್ಣಲ್ಲಿ ಚೆನ್ನಾಗೇ ಬರುತ್ತೆ. ಬೇರು ಮಾತ್ರ ನೀರು ತಡ್ಕೊಳಲ್ಲ. ನರ್ಸರಿಯವನು ಹಣ್ಣಿನ ಮಾತಾಡ್ದ, ನೀನು ಗಿಡದ ಮಾತು ಕೇಳಿಸ್ಕೊಂಡೆ."

ಅವಸರದಣ್ಣ ಫೋನು ತೆಗೆದ. ಅವಸರದಲ್ಲಿ ತಪ್ಪು ನಂಬರಿಗೆ ಹೋಯಿತು. ಹೆಂಡತಿ ಎದ್ದು, ಫೋನು ಇಸಿದುಕೊಂಡು, ತಾನೇ ನರ್ಸರಿಯವನೊಡನೆ ಮಾತಾಡಿದಳು.

"ಅಣ್ಣಾ, ನಮ್ಮ ಕೆಳಗಿನ ಹೊಲದಲ್ಲಿ ನೀರು ನಿಲ್ಲುತ್ತೆ. ಬೇರು ಕೊಳೆ ತಡೆಯೋ ತಳಿ ಬೇಕು."

"ಇದೆಯಮ್ಮ, ಮೊದಲೇ ಹೇಳಬಾರದಿತ್ತಾ? ಆದ್ರೆ ಅದರ ಹಣ್ಣು ಮೆತ್ತಗೆ. ಕಿತ್ತ ದಿನಾನೇ ಹತ್ತಿರದಲ್ಲೇ ಮಾರ್ಕೋಬೇಕು."

"ಎರಡೂ ಗಟ್ಟಿ ಇರೋದು ಕೊಡಪ್ಪಾ," ಎಂದ ಅವಸರದಣ್ಣ ಪಕ್ಕದಿಂದ.

"ಅಂಥದ್ದು ನನ್ನ ಹತ್ರ ಇದ್ದಿದ್ರೆ ನಾನೇ ಬೆಳೀತಿದ್ದೆ, ನರ್ಸರಿ ಯಾಕೆ ಇಡ್ತಿದ್ದೆ?"

ನರ್ಸರಿಯಲ್ಲಿ ಸಸಿಯ ಲಾರಿ ಇನ್ನೂ ತುಂಬಿರಲಿಲ್ಲ, ತಳಿ ಬದಲಿಸಲು ಸಮಯವಿತ್ತು. ಮೇಲಿನ ಹೊಲಕ್ಕೆ ಗಟ್ಟಿ ಹಣ್ಣಿನ ತಳಿ, ಕೆಳಗಿನದಕ್ಕೆ ಬೇರು ಕೊಳೆ ತಡೆಯುವ ತಳಿ ಎಂದಾಯಿತು. ಅದನ್ನೂ ಹೊಲದ ತುಂಬ ಬೇಡ, ಬಸಿಗಾಲುವೆ ತೋಡಿ, ಮಡಿ ಎತ್ತರಿಸಿದ ಕಡೆ ಮಾತ್ರ ನೆಟ್ಟು ನೋಡೋಣ ಎಂದಳು ಹೆಂಡತಿ. ಅವಸರದಣ್ಣ ಕೂಡಲೇ ಗುದ್ದಲಿ ಹುಡುಕಲು ಹೊರಟ, ಅದೂ ಓಡಿಕೊಂಡೇ.

ಬೆಳೆಗಾರ ಬಂಧುಗಳೇ, ಹೊಸ ತಳಿಯ ಹೆಸರು ಕೇಳಿ ಮರುಳಾಗಬೇಡಿ. ಹಣ್ಣು ಎಷ್ಟು ದೂರ ತಾಳುತ್ತದೆ, ಬೇರು ಯಾವ ಮಣ್ಣಿಗೆ ಒಗ್ಗುತ್ತದೆ, ಯಾವ ರೋಗ ತಡೆಯುತ್ತದೆ, ಯಾವ ಕಾಲದಲ್ಲಿ ಫಲ ಕೊಡುತ್ತದೆ ಎಂದು ಬಿಡಿಸಿ ಕೇಳಿ. ಮೊದಲು ಒಂದೆರಡು ಮಡಿಯಲ್ಲಿ ಬೆಳೆದು ನೋಡಿ. ನಿಮ್ಮ ಸಸಿ ನಾಳೆಯೇ ಬರುವುದಿದ್ದರೆ ಈಗಲೇ ಫೋನು ಮಾಡಿ. ಇಂದು ನೀವು ಕೇಳದೆ ಬಿಟ್ಟ ಪ್ರಶ್ನೆಗೆ ಮುಂದೆ ಹೊಲವೇ ಉತ್ತರ ಕೊಡುತ್ತದೆ.