ಹತ್ತಿಗೆ ಹೊಡೆದು ಉಳಿದದ್ದು

ಬಳಿಚಕ್ರ ಊರಿನ ಹೆಣ್ಣುಮಕ್ಕಳು ಸಂಜೆ ಹೊಲದಿಂದ ಬಂದಾಗ ಯಾರ ಮಾತೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ನೀರು ತುಂಬಬೇಕು, ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು. ಪಲ್ಯಕ್ಕೆ ಏನೂ ಇಲ್ಲದ ದಿನ ರೊಟ್ಟಿಗೆ ಖಾರದ ಪುಡಿಯೇ ಗತಿ.

ಮಲ್ಲೇಶ್ವರಿ ಶಹಾಪುರದಲ್ಲಿ ಕೈತೋಟದ ತರಬೇತಿ ಪಡೆದು ಬಂದ ಸ್ವಯಂಸೇವಕಿ. ಕಲಿತದ್ದನ್ನು ಊರಿಗೆ ಹೇಳುವುದು ಅವಳ ಕೆಲಸ. ಮನೆಮನೆಗೆ ಬೀಜ ಕೊಟ್ಟಳು, ಸಭೆ ಕರೆದಳು. ಸಭೆಗೆ ಯಾರೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಪಕ್ಕದ ಮನೆಯ ಹಣಮಮ್ಮನನ್ನು ಕೇಳಿದರೆ ಅವಳು ರೇಗಿದಳು. "ಮಂದಿ ಹೊಲದಾಗ ಕಳೆ ತಗದು ನಡಾ ಬಿದ್ದು ಹೋಗ್ಯದ. ಮನಿಗೆ ಬಂದೂ ಮಣ್ಣು ಕೆದರಂತೀಯೇನ? ನಾ ಹುಟ್ಟಿದಾಗಿಂದ ಮಣ್ಣಾಗ ಇದೀನಿ. ಶಾಪುರದಾಗ ಫ್ಯಾನಿನ ಕೆಳಗ ಕುಂತು ಬಂದಾಕಿ ನೀ ನನಗ ಕಲಸ್ತಿ?"

ಮಲ್ಲೇಶ್ವರಿ ತನ್ನ ಮನೆಗೆ ವಾಪಸಾದಳು. ಅವಳಿಗೂ ಸಾಕಾಗಿತ್ತು.

ಆದರೆ ಹಣಮಮ್ಮ ಬೀಜ ಎಸೆದಿರಲಿಲ್ಲ. ಬಸುರಿ ಮಗಳು ಸಾವಿತ್ರಿಬಾಯಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ರಕ್ತ ಕಡಿಮೆ ಇದೆ, ಮಾತ್ರೆಯ ಜೊತೆ ಸೊಪ್ಪು ತಿನ್ನಿಸಿ ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದರು. ಹಣಮಮ್ಮ ಹಿತ್ತಲಲ್ಲಿ ರಾಜಗಿರಿ, ಪುಂಡಿ ಸೊಪ್ಪು ಹಾಕಿದಳು. ಸೊಗಸಾಗಿ ಬಂತು.

ಒಂದು ಮುಂಜಾನೆ ಮಲ್ಲೇಶ್ವರಿ ಗೋಡೆಯಾಚೆ ನೋಡಿದಳು. ಸಾವಿತ್ರಿ ಸೊಪ್ಪು ಕಿತ್ತು ಉಡಿಗೆ ಹಾಕಿಕೊಳ್ಳುತ್ತಿದ್ದಳು. ಗಾಳಿಯಲ್ಲಿ ಹತ್ತಿಗೆ ಹೊಡೆಯುವ ಔಷಧದ ಘಾಟು.

"ಸಾವಿತ್ರಿ, ಅದನ್ನ ಕೆಳಗ ಹಾಕು! ಈಶಪ್ಪ ಕಾಕಾ, ಇದಕ್ಕೇನರ ಹೊಡದೀರಿ?"

ಎಮ್ಮೆಗೆ ಮೇವು ಹಾಕುತ್ತಿದ್ದ ಸಾವಿತ್ರಿಯ ಅಪ್ಪ ಈಶಪ್ಪ ತಿರುಗಿದ. "ಹುಳಾ ಬಿದ್ದಿದ್ವು. ಹತ್ತಿಗೆ ಎಣ್ಣಿ ಹೊಡದು ಪಂಪಿನ್ಯಾಗ ಒಂದೀಟು ಉಳದಿತ್ತು. ಚೆಲ್ಲೂದ್ಯಾಕಂತ ನಿನ್ನಿ ಸಂಜಿಗೆ ಹೊಡದೆ. ನೋಡು, ಒಂದು ಹುಳಾ ಇಲ್ಲ ಈಗ."

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೂ ಎಣ್ಣಿ ಎಂದೇ ಹೆಸರು.

"ಹತ್ತಿ ಯಾರೂ ತಿನ್ನಂಗಿಲ್ಲ ಕಾಕಾ. ಇದನ್ನ ಸಾವಿತ್ರಿ ತಿಂತಾಳ. ಹೊಟ್ಯಾಗಿನ ಕೂಸಿಗೂ ಮುಟ್ತದ."

"ತೊಳದರ ಹೋಗ್ತದ ಬಿಡವ್ವಾ."

"ಪೂರಾ ಹೋಗಂಗಿಲ್ರಿ. ಎಲಿ ಒಳಗ ಇಳದಿರ್ತದ. ಎಲ್ಲಾ ಕಿತ್ತು ಹುಗೀಬೇಕು. ಎಮ್ಮಿಗೂ ಹಾಕಬ್ಯಾಡ್ರಿ."

ಹಣಮಮ್ಮ ಹೊರಗೆ ಬಂದಳು. "ಬಿತ್ತಂದಾಕಿನೂ ನೀನ, ಈಗ ಕೀಳಂದಾಕಿನೂ ನೀನ! ಹೊಲದಿಂದ ಬಂದು ಕೊಡಾ ಹೊತ್ತು ನೀರು ಹಾಕೀನಿ. ಈ ಮಾತು ಮೊದಲ ಹೇಳಾಕ ಏನಾಗಿತ್ತು ನಿನಗ?"

"ಹೇಳಾಕಂತನ ಸಭಾ ಕರದಿದ್ದೆ, ಚಿಗವ್ವಾ."

ಹಣಮಮ್ಮ ಮಗಳ ಹತ್ತಿರ ಹೋದಳು. ಅವಳ ಬಿಳಿಚಿದ ಮುಖವನ್ನೊಮ್ಮೆ ನೋಡಿದಳು. ಉಡಿಯ ಸೊಪ್ಪನ್ನು ತಾನೇ ನೆಲಕ್ಕೆ ಕೆಡವಿದಳು. "ಸೀರಿ ಬದಲಿಸು ಹೋಗು. ಕೈ ಸಬ್ಬಾಣ ಹಚ್ಚಿ ತೊಳಕೋ."

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಂಡ-ಹೆಂಡತಿ, ಮಲ್ಲೇಶ್ವರಿ ಮೂವರೂ ಸೇರಿ ಸೊಪ್ಪು ಕಿತ್ತರು. ಬಾವಿಯಿಂದ ದೂರ ಆಳವಾಗಿ ಹುಗಿದರು. ಮಲ್ಲೇಶ್ವರಿ ತನ್ನ ಮನೆಯ ಗಿಡದಿಂದ ನುಗ್ಗೆ ಸೊಪ್ಪು ತಂದುಕೊಟ್ಟಳು. "ಹೊಸಾದು ಬರೂತನಕ ಇದನ್ನ ಮಾಡಿ ಹಾಕ್ರಿ. ಮಾತ್ರಿ ಬಿಡಸಬ್ಯಾಡ್ರಿ."

ಹಿತ್ತಲ ಇನ್ನೊಂದು ಮೂಲೆಯಲ್ಲಿ ಹೊಸ ಮಡಿ ಮಾಡಿದರು. ಅಕ್ಕಿ, ಕಾಯಿಪಲ್ಯ ತೊಳೆದ ನೀರೇ ಅದಕ್ಕೆ ಸಾಕು, ಕೊಡ ಹೊರಬೇಕಿಲ್ಲ ಎಂದು ಮಲ್ಲೇಶ್ವರಿ ಹೇಳಿದಳು.

"ಮತ್ತ ಹುಳಾ ಬಂದ್ರ?" ಎಂದ ಈಶಪ್ಪ.

"ಒಲಿ ಬೂದಿ ಉದುರಸ್ರಿ. ಬೇವಿನ ಬೀಜ ಕುಟ್ಟಿ, ಒಂದು ರಾತ್ರಿ ನೀರಾಗ ನೆನಸಿ, ಸೋಸಿ ಹಾಕ್ರಿ. ಹತ್ತಿ ಪಂಪು ಮಾತ್ರ ಇತ್ತಾಗ ತರಬ್ಯಾಡ್ರಿ. ಹೊಸಾ ಕಸಬರಗಿ ಅದ್ದಿ ಚಿಮುಕಿಸಿದ್ರ ಸಾಕು."

ಕೆಲವು ದಿನಗಳ ಮೇಲೆ ಹಿಂದಿನ ಓಣಿಯ ಹಂಪಣ್ಣ ಹತ್ತಿಗೆ ಹೊಡೆದ ಪಂಪು ಹೊತ್ತು ತನ್ನ ಬದನೆ ಗಿಡಗಳ ಕಡೆ ಹೊರಟಿದ್ದ.

"ಹಂಪಣ್ಣಾ, ಪಂಪು ಇಳಸು!" ಹಣಮಮ್ಮ ಕೂಗಿದಳು. "ನಿನ್ನ ಮೊಮ್ಮಕ್ಕಳೇನು ಹತ್ತಿ ಹುಳಾನ?"

"ನಿನಗ್ಯಾರು ಹೇಳ್ಯಾರ ಇದನ್ನ?"

"ಫ್ಯಾನಿನ ಕೆಳಗ ಕುಂತು ಬಂದಾಕಿ."

ಆಮೇಲೆ ಮಲ್ಲೇಶ್ವರಿಗೆ ಮೆಲ್ಲಗೆ ಅಂದಳು: "ಇನ್ನೊಮ್ಮಿ ಶಾಪುರದಾಗ ಕಲಸ್ತಾರಂದ್ರ ನನ್ನ ಹೆಸರೂ ಬರಸು. ನನಗೂ ಒಂದೀಟು ಗಾಳಿ ಬಡೀಲಿ."

ಓದುತ್ತಿರುವ ಅಕ್ಕಂದಿರೇ, ನಿಮಗೆ ದಣಿವಾಗಿದೆ, ಗೊತ್ತು. ಸಭೆಗೆ ಬರಲಾಗದಿದ್ದರೆ ನಿಮ್ಮೂರಿನ ಸ್ವಯಂಸೇವಕಿಯನ್ನು ಒಲೆಯ ಮುಂದೆಯೇ ಕರೆದು ಕೂರಿಸಿ, ರೊಟ್ಟಿ ಬಡಿಯುತ್ತಲೇ ಕೇಳಿ. ಕೇಳಿದ್ದನ್ನು ಪಕ್ಕದ ಮನೆಗೆ ದಾಟಿಸಿ. ಸಾಧ್ಯವಾದರೆ ನೀವೂ ತರಬೇತಿಗೆ ಹೋಗಿ ಬನ್ನಿ. ಎಲ್ಲ ವಿಷಕ್ಕೂ ಘಾಟು ಇರುವುದಿಲ್ಲ. ಆದ್ದರಿಂದ ಇವತ್ತು ಹಿತ್ತಲಲ್ಲಿ ಸೊಪ್ಪು ಕೀಳುವ ಮೊದಲು ಮನೆಯವರನ್ನು ಒಂದೇ ಒಂದು ಮಾತು ಕೇಳಿ: "ಇದಕ್ಕೇನರ ಹೊಡದೀರಿ?"