ರೆಮಿಯ ತಂಡದ ಮೊದಲ ಗೆಲುವು

ಫ್ರಾನ್ಸಿನಲ್ಲಿ ನೂರಾರು ಗೋಲು ಹೊಡೆದಿದ್ದ ರೆಮಿ, ಮೊಣಕಾಲು ಕೈಕೊಟ್ಟ ಮೇಲೆ ಹ್ಯಾರೋ ಎಂಬ ಇಂಗ್ಲಿಷ್ ಪಟ್ಟಣದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಕೋಚ್ ಆದ. ತಂಡದ ತುಂಬ ಅಲ್ಲಿ ನೆಲೆಸಿದ್ದ ಕುಂದಾಪುರದ ಹೆಂಗಸರು. ಎರಡು ವರ್ಷ ಬರೀ ಸೋಲು.

2016ರ ಮೇ ತಿಂಗಳ ಪಂದ್ಯವೊಂದು ಒಂದು-ಒಂದು ಗೋಲಿನ ಸಮಬಲದಲ್ಲಿ ನಿಂತಿತ್ತು. ಕೊನೆಯ ನಿಮಿಷದಲ್ಲಿ ಚೆಂಡು ರೆಮಿಯ ತಂಡದ ಚಂಪಾಳ ಕಾಲಿಗೆ ಬಂತು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಚಂಪಾ ಗಾಬರಿಯಿಂದ ನಿಂತೇಬಿಟ್ಟಳು.

"ಹೊಡಿ ಮಾರಾಯ್ತಿ!" ರೆಮಿ ಆ ಹೆಂಗಸರಿಂದಲೇ ಕಲಿತ ಕನ್ನಡದಲ್ಲಿ ಅರಚಿದ.

ಅವಳು ಕಣ್ಣು ಮುಚ್ಚಿ ಒದ್ದಳು. ಗೋಲು! ಹಿಂದೆಯೇ ಪಂದ್ಯ ಮುಗಿದ ಸೀಟಿ ಕೇಳಿಸಿತು.

ರೆಮಿ ಕುಂಟುತ್ತಲೇ ಮೈದಾನಕ್ಕೆ ಓಡಿದ. ಹೆಂಗಸರೆಲ್ಲ ಕಿರುಚುತ್ತ ಅವನನ್ನು ತಬ್ಬಿಕೊಂಡರು. ಇಡೀ ಗುಂಪು ಕೆಸರಿನಲ್ಲಿ ಉರುಳಿತು.

"ನಾನು ಹೊಡೆದ ಯಾವ ಗೋಲಿಗೂ ಇಷ್ಟು ಖುಷಿ ಆಗಿರಲಿಲ್ಲ!" ರೆಮಿ ನಗುತ್ತ ಅಳುತ್ತ ಹೇಳಿದ.

"ನಂಗೂ ಖುಷಿಯೇ," ಎಂದಳು ಚಂಪಾ, "ಆದ್ರೆ ನನ್ನ್ ಕಾಲ್ ಮೇಲಿಂದ ಏಳಿ ಸಾರ್!"