ಮುದ್ದಮ್ಮನ ಹಿಡಿ ಮಣ್ಣು

"ಆಚೆ ನಡಿ! ನಡಿ ಅಂದ್ರೆ!" ಶಿವರುದ್ರಪ್ಪನವರು ಊರುಗೋಲನ್ನು ಗೇಟಿಗೆ ಅಡ್ಡ ಹಿಡಿದು ಕೂಗಿದರು. ಸಿದ್ಧಾರ್ಥನಗರದ ಆ ಮನೆಯೊಳಗೆ ನರ್ಸ್ ಆಗಿದ್ದ ಅವರ ಹೆಂಡತಿ ನೀಲಮ್ಮನ ಹೆಣಕ್ಕೆ ವಿಭೂತಿ ಬಳಿದು ಕೂರಿಸಿದ್ದರು. ಗೇಟಿನಾಚೆ ನಿಂತವಳು ಕೋಟೆ ತಾಲೂಕಿನ ಕಾಡಂಚಿನ ಗಿರಿಜನರ ಹಾಡಿಯಿಂದ ಬಸ್ಸು ಹತ್ತಿ ಬಂದ ಮುದ್ದಮ್ಮ.

"ನಾನೇನು ಉಣ್ಣಕ್ಕೆ ಬಂದಿಲ್ಲ ಕಣಪ್ಪ. ನಿನ್ನ ಮಗಳು ಫೋನ್ ಮಾಡಿದ್ಲು, ಬಂದೆ."

"ನನ್ನ ಹೆಂಡ್ತಿ ಕೈ ಮುರಿದೋರು ನೀವು! ಉಪಕಾರ ಮಾಡಕ್ಕೆ ಬಂದೋಳಿಗೆ ದೊಣ್ಣೇಲಿ ಹೊಡೆದೋರು!"

"ಊಂ, ನಾನೇ ಒಡೆದಿದ್ದು. ಏನೀಗ?"

ನೆಂಟರ ಅಳು ನಿಂತೇಹೋಯಿತು. ಸಾವಿನ ಮನೆಯಲ್ಲಿ ಜಗಳ ಸಿಕ್ಕರೆ ಅಳುವುದಕ್ಕೆ ಯಾರಿಗೆ ಪುರುಸೊತ್ತು! ಮಗಳು ಸುಷ್ಮಾ ಓಡಿಬಂದು ಅಪ್ಪನ ಕೋಲು ಕಿತ್ತುಕೊಂಡಳು.

"ಅಪ್ಪಾಜಿ, ಅಮ್ಮ ಕೊನೇಲಿ ಕೇಳಿದ್ದು ಒಂದೇ. ಮುದ್ದಮ್ಮನ ಕೈಲಿ ಒಂದು ಹಿಡಿ ಮಣ್ಣು ಹಾಕಿಸು, ಋಣ ತೀರಲಿ ಅಂತ. ಇವ್ರನ್ನ ಓಡಿಸಿದ್ರೆ ನಾನೂ ಮಣ್ಣಿಗೆ ಬರಲ್ಲ, ನೋಡಿ."

*

ನೀಲಮ್ಮನ ಕೈ ಮುರಿದ ಆ ವರ್ಷ ಹಾಡಿಯ ಮಕ್ಕಳಿಗೆ ಮಿದುಳು ಜ್ವರ ಹಬ್ಬಿತ್ತು. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಕತ್ತು ಸೆಟೆದು, ಮೈಮೇಲೆ ನೇರಳೆ ಕಲೆ ಎದ್ದು ಮಲಗಿಬಿಡುತ್ತಿತ್ತು. ಜೀಪಿನಲ್ಲಿ ಬಂದ ನೀಲಮ್ಮ ಕಾಯಿಲೆಯ ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಿದಳು. ಉಳಿದವರಿಗೆ ಜ್ವರ ತಗುಲದಂತೆ ಮಾತ್ರೆ ಹಂಚಿದಳು. ಆ ಮಾತ್ರೆ ನುಂಗಿದರೆ ಉಚ್ಚೆ ಕೆಂಪಗಾಗುತ್ತದೆ, ಅಪಾಯವೇನಿಲ್ಲ. ಅದೊಂದನ್ನು ಹೇಳಲಿಲ್ಲ, ಮುಂದಿನ ಹಾಡಿಗೆ ಹೊರಡುವ ಅವಸರ.

ಮರುದಿನ ಮಕ್ಕಳು ಕೆಂಪಗೆ ಉಚ್ಚೆ ಹೊಯ್ದವು. "ಅಯ್ಯಯ್ಯೋ, ರಕ್ತ ಓಯ್ತಾ ಅದೆ!" ಎಂದು ತಾಯಂದಿರು ಉಳಿದ ಮಾತ್ರೆಗಳನ್ನು ಹೊಳೆಗೆಸೆದರು. ಮುದ್ದಮ್ಮನೂ ಎಸೆದಳು. ಆ ವಾರವೇ ಅವಳ ಮಗಳು ಜ್ವರ ಬಂದು ಸತ್ತಳು. ಮೇಲಿನವರು ವಿಚಾರಿಸಲು ಬಂದಾಗ ನೀಲಮ್ಮ, "ತಿಳಿವಳಿಕೆ ಇಲ್ಲದ ಜನ ಸಾರ್, ಕೊಟ್ಟಿದ್ದನ್ನ ಬಿಸಾಕ್ಬುಟ್ಟವ್ರೆ" ಎಂದಳು. ಅಲ್ಲೇ ನಿಂತಿದ್ದ ಮುದ್ದಮ್ಮ ದೊಣ್ಣೆ ಎತ್ತಿಕೊಂಡಳು.

*

ರುದ್ರಭೂಮಿಯಲ್ಲಿ ನೀಲಮ್ಮನನ್ನು ಗುಂಡಿಗಿಳಿಸಿ ಕೂರಿಸಿದರು. ಜಂಗಮರು ಹೇಳಿದಂತೆ ಗಂಡ, ಮಗಳು, ನೆಂಟರು ಒಂದೊಂದು ಹಿಡಿ ಮಣ್ಣು ಹಾಕಿದರು. ಮುದ್ದಮ್ಮನೂ ರಾಶಿಯಿಂದ ಒಂದು ಹಿಡಿ ಎತ್ತಿ ಗುಂಡಿಯ ಮೇಲೆ ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು.

"ಹಾಕಮ್ಮ," ಸುಷ್ಮಾ ಬೇಡಿಕೊಂಡಳು. "ತಪ್ಪು ಅಮ್ಮಂದೇ. ನನ್ನತ್ರ ಒಪ್ಕೊಂಡ್ರು."

"ಏನು ಒಪ್ಕೊಂಡ್ಲು?" ಎಂದರು ಶಿವರುದ್ರಪ್ಪನವರು.

"ನಿನ್ನತ್ರ ಒಪ್ಕೊಂಡ್ಲಾ? ನನ್ನತ್ರ ಯಾಕೆ ಯೋಳ್ನಿಲ್ಲ?" ಮುದ್ದಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಮಗೀನ ಔಸ್ತಿ ಒಳೆಗೆಸೆದೋಳು ಅಂತ ಇವತ್ಗೂ ಆಡ್ಕತಾರೆ ನನ್ನ. ಬದುಕಿದ್ದಾಗ ಒಂದು ಮಾತಾಡ್ನಿಲ್ಲ, ಈಗ ಮಣ್ಣು ಬೇಕಂತೆ, ಮಣ್ಣು!"

ಹಿಡಿಯಲ್ಲಿದ್ದುದನ್ನು ರಾಶಿಗೇ ಸುರಿದು, ಕೈ ಕೊಡವಿ, ಹಿಂದಿರುಗಿ ನೋಡದೆ ನಡೆದುಬಿಟ್ಟಳು.

ಗುಂಡಿ ಮುಚ್ಚುವ ಕಾಳಯ್ಯ ರಾಶಿಗೆ ಸಲಿಕೆ ಹಾಕಿದ. ಸುಷ್ಮಾ ಧಡಕ್ಕನೆ ಕೂತು ಎರಡೂ ಕೈ ಅಡ್ಡ ಇಟ್ಟಳು.

"ಅದನ್ನ ಹಾಕ್ಬೇಡಪ್ಪ! ಅದು ಅವ್ರು ಹಾಕ್ದೆ ಹೋಗಿದ್ದು."

"ಯಾವ್ದವ್ವ?" ಎಂದ ಕಾಳಯ್ಯ.

ಸುಷ್ಮಾ ರಾಶಿಯನ್ನು ಬೆರಳಿನಿಂದ ಕೆದಕುತ್ತಾ ಆ ಒಂದು ಹಿಡಿಯನ್ನು ಹುಡುಕತೊಡಗಿದಳು.